ದೊಡ್ಡಪ್ಪನ ಕೋವಿಯ ಮುರಿದ ಉಗುರು

ಈಗ ಹೇಳುವುದರಲ್ಲಿ ನಾನು ಕಣ್ಣಾರೆ ಕಂಡದ್ದೆಷ್ಟು, ಮದುವೆಮನೆಗಳಲ್ಲಿ ಹೇಳಿ ಹೇಳಿ ಬೆಳೆಸಿದ್ದೆಷ್ಟು, ನನಗೇ ಖಚಿತವಿಲ್ಲ. ವಿಶ್ವವಿದ್ಯಾಲಯದಲ್ಲಿ ನಾಲ್ಕಕ್ಷರ ಕಲಿತ ತಪ್ಪಿಗೆ ಎಲ್ಲರ ಮಾತಿಗೂ ಪುರಾವೆ ಕೇಳುವ ಚಾಳಿ ನನಗೆ. ನನ್ನ ನೆನಪನ್ನೂ ಬಿಟ್ಟಿಲ್ಲ. ಒಂದಂತೂ ನಿಜ: ಹೆಗ್ಗನಹಳ್ಳಿಯ ನಮ್ಮ ದೊಡ್ಡಪ್ಪನಷ್ಟು ನಿರುಪದ್ರವಿಯಾದ ಬೇಟೆಗಾರ ಇನ್ನೊಬ್ಬನಿಲ್ಲ. ಬೇಟೆಯ ರೈಫಲ್ ಇದೆ, ಲೈಸೆನ್ಸ್ ಇದೆ, ಮೀಸೆ ಇದೆ. ಹೊಡೆದದ್ದು ಮಾತ್ರ ಸೊಳ್ಳೆ!

ರೈಫಲ್ ಅವರಪ್ಪನದು, ರಾಗಿ ಹೊಲಕ್ಕೆ ಹಂದಿ ನುಗ್ಗುತ್ತಿದ್ದ ಕಾಲದ್ದು. ಆ ಹೊಲದ ಮೇಲೆ ಈಗ ಬಾಡಿಗೆ ಮನೆಗಳೂ ಒಂದು ಬೇಕರಿಯೂ ಎದ್ದಿವೆ. ಹಂದಿ ಬಂದರೂ ಪಫ್ ತಿಂದು ಹೋಗಬೇಕು, ಅಷ್ಟೇ. ಆದರೂ ಆಗಾಗ ಕೋವಿಗೆ ಒಂದು ಪ್ರಯಾಣವಿರುತ್ತದೆ. ಚುನಾವಣೆ ಬಂದರೆ ಲೈಸೆನ್ಸಿನ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕಲ್ಲ? ಅದು ದೊಡ್ಡಪ್ಪನಿಗೆ ಮಗಳನ್ನು ಗಂಡನ ಮನೆಗೆ ಕಳಿಸುವ ಸಡಗರ. ಎಣ್ಣೆ ಒರೆಸಿ, ದೊಡ್ಡಮ್ಮನ ಹಳೇ ರೇಷ್ಮೆ ಸೀರೆಯಲ್ಲಿ ಸುತ್ತಿ, ಆಟೊದಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಹೊರಡುತ್ತಾರೆ. ಠಾಣೆಯವರು ಚೀಟಿ ಕಟ್ಟಿ ಮೂಲೆಗಿಡುತ್ತಾರೆ.

ಆ ಸಲ (ವಿಧಾನಸಭೆಯೋ ಲೋಕಸಭೆಯೋ, ಮರೆತಿದ್ದೇನೆ) ಠಾಣೆಯಲ್ಲಿ ಹೊಸ ಕಾನ್‌ಸ್ಟೇಬಲ್ ಇದ್ದ. ಯಾರೂ ಮಾಡದ ಕೆಲಸ ಮಾಡಿದ: ಕೋವಿಯ ಹಿಂಬದಿಯ ಅಗುಳಿಯಂಥ ಬೋಲ್ಟ್ ಎಳೆದು ಒಳಗೆ ನೋಡಿದ! ನನ್ನ ನೆನಪಿನಲ್ಲಿ ಅವನು ಎರಡಡಿ ಹಿಂದಕ್ಕೆ ಹಾರುತ್ತಾನೆ. ಅದನ್ನು ನಾನೇ ಸೇರಿಸಿದ್ದರೂ ಇರಬಹುದು.

“ಏನ್ ಸಾರ್ ಇದು, ಒಳಗೆ ತೋಟೆ ಇದೆ!”

“ಖಾಲಿದು ಸಾರ್,” ಎಂದರು ದೊಡ್ಡಪ್ಪ, ನೆಂಟರ ಕ್ಷೇಮಸಮಾಚಾರ ಹೇಳುವವರಂತೆ. “ನಮ್ಮಪ್ಪ ಹಂದಿಗೆ ಹೊಡೆದಿದ್ದು. ಎಳೆಯೋ ಉಗುರು ಮುರಿದೋಯ್ತು, ಅಲ್ಲೇ ಉಳ್ಕೊಂಡ್ತು.”

ಆ ದಿನ ಡಾಕ್ಟರ ಹತ್ತಿರ ಹೋಗಬೇಕೆಂದು ದೊಡ್ಡಮ್ಮನೂ ಜೊತೆಗಿದ್ದರು. ಅನಾಹುತವಾದದ್ದೇ ಅಲ್ಲಿ.

“ಅಂದ್ರೆ ಮದುವೆಯಾಗಿ ಬಂದಾಗಿಂದ ನಾನು ತೋಟೆ ಇರೋ ಕೋವಿ ಮುಂದೆ ಕಸ ಗುಡಿಸ್ತಾ ಇದೀನಾ?”

“ಖಾಲಿ ತೋಟೆ ಕಣೇ.”

“ಒಳಗೆ ಹೋಗಿ ನೋಡ್ಕೊಂಡ್ ಬಂದಿದ್ರಾ?”

ಇಂಥ ಪ್ರಶ್ನೆಯನ್ನು ನಮ್ಮ ಪ್ರಾಧ್ಯಾಪಕರೂ ಕೇಳಿದವರಲ್ಲ. ಠಾಣೆಯವರು ರಿಪೇರಿ ಮಾಡಿಸಿ ತನ್ನಿ ಎಂದರು. ಕಣ್ಣೆದುರಿಗೆ ಆ ತೋಟೆ ಈಚೆ ಬರುವವರೆಗೂ ಕೋವಿಯ ಕೋಣೆಗೆ ಕಾಲಿಡುವುದಿಲ್ಲವೆಂದು ದೊಡ್ಡಮ್ಮ ನಡುಮನೆಗೆ ಹಾಸಿಗೆ ಹೊರಿಸಿದರು. ಅದು ದೊಡ್ಡಪ್ಪ ಮಲಗುವ ಕೋಣೆಯೂ ಹೌದೆನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಲೈಸೆನ್ಸ್ ಇರುವ ರಿಪೇರಿಯವರೊಬ್ಬರು ರಾಜಾಜಿನಗರದಲ್ಲಿ ಸಿಕ್ಕರು. ಮುರಿದದ್ದು ಎಕ್ಸ್‌ಟ್ರ್ಯಾಕ್ಟರ್, ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ತೋಟೆಯ ಅಂಚನ್ನು ಹಿಡಿದು ಈಚೆಗೆಳೆಯುವ ಕೊಕ್ಕೆ. ಅವರು, “ಹೊಸಾ ಥರದ್ದು ಚಿಕ್ಕದು ಬರ್ತದೆ, ಹಾಕ್ಬಿಡ್ಲಾ?” ಎಂದರು. ದೊಡ್ಡಪ್ಪ ಕೆರಳಿದರು. “ಅದು ಕೊನೇ ಗಳಿಗೇಲಿ ಓಡಿಬಂದು ಹಿಡಿಯೋ ಗಿರಾಕಿ. ನಮ್ಮ ಹಳೇ ಉದ್ದನೇ ಉಗುರು ಹಂಗಲ್ಲ. ತೋಟೆ ಒಳಗೆ ಹೋಗುವಾಗ್ಲೇ ಹಿಡ್ಕೊಂಡ್ರೆ, ಈಚೆ ಬರೋ ತನಕ ಬಿಡಲ್ಲ!” ಹಳೆಯದೇ ಬೇಕೆಂದು ಹಟ. ಅದನ್ನು ಹುಡುಕಿಸುವುದರಲ್ಲಿ ತಿಂಗಳುಗಳು ಕಳೆದವು.

ಆ ತಿಂಗಳುಗಳಲ್ಲಿ ನಮಗೆಲ್ಲ ಎಕ್ಸ್‌ಟ್ರ್ಯಾಕ್ಟರ್ ಪಾಠ. ಇಕ್ಕಳ, ನಿಂಬೆಹಣ್ಣು, ನನ್ನ ಪೆನ್ನಿನ ಕ್ಯಾಪು, ಯಾವುದು ಸಿಕ್ಕರೂ ಪ್ರಾತ್ಯಕ್ಷಿಕೆ! ವಿಜಯನಗರದ ಛತ್ರವೊಂದರಲ್ಲಿ ಫೋನಿನಲ್ಲಿದ್ದ ಮುರಿದ ತುದಿಯ ಫೋಟೊವನ್ನು ಪಂಕ್ತಿಯುದ್ದಕ್ಕೂ ತೋರಿಸಿದರು. ಯಾರೋ ಅತ್ತೆ ಕಣ್ಣು ಕಿರಿದಾಗಿಸಿ ನೋಡಿ, “ಅಯ್ಯೋ, ಇಷ್ಟು ದೊಡ್ಡ ಕಿಡ್ನಿ ಸ್ಟೋನಾ? ಬಾಳೆದಿಂಡಿನ ಪಲ್ಯ ತಿನ್ನಿ ಭಾವ, ಕರಗೋಗ್ತದೆ,” ಎಂದರು. ದೊಡ್ಡಪ್ಪ ಆ ಊಟದಲ್ಲಿ ಪಾಯಸ ಮುಟ್ಟಲಿಲ್ಲ.

ಕೋವಿ ರಿಪೇರಿಯವರ ಬಳಿಯಿದ್ದರೂ ಪಟ್ಟು ಬಿಡದ ದೊಡ್ಡಮ್ಮ ನಡುಮನೆಯಲ್ಲಿ ಸೊರಗುತ್ತಿದ್ದರು. ಮಿಕ್ಸಿ ಸದ್ದಿಗೂ ಬೆಚ್ಚುತ್ತಿದ್ದರು. ನಾವು ನಗುತ್ತಿದ್ದೆವು. ದೊಡ್ಡಪ್ಪ ಮಾತ್ರ ನಗುತ್ತಿರಲಿಲ್ಲ. ಮಿಕ್ಸಿಯನ್ನು ಹಿತ್ತಲಿಗೆ ಒಯ್ದು ತಾವೇ ಚಟ್ನಿ ರುಬ್ಬಿ ತರುತ್ತಿದ್ದರು.

ಕೊನೆಗೂ ಹಳೆಯ ಬಗೆಯದೇ ಉಗುರು ಸಿಕ್ಕಿತು. ರಿಪೇರಿಯಾಗಿ ಬಂದ ದಿನ ದೊಡ್ಡಪ್ಪ ನಮ್ಮನ್ನು ತಾರಸಿಗೆ ಕರೆದರು. ನಳಿಗೆಯನ್ನು ಮರಳಿನ ಮೂಟೆಗಳತ್ತ ತಿರುಗಿಸಿ, ದೊಡ್ಡಮ್ಮನನ್ನು ತಮ್ಮ ಬೆನ್ನ ಹಿಂದೆ ನಿಲ್ಲಿಸಿಕೊಂಡರು.

“ನೋಡ್ಕೋ.”

ಬೋಲ್ಟ್ ಎಳೆದರು. ಹಿತ್ತಾಳೆಯ ತೋಟೆ ಚಿಮ್ಮಿ, ತಾರಸಿಯ ಮೇಲೆ ಕಿಣಿಕಿಣಿ ಎನ್ನುತ್ತ ಉರುಳಿ ನಿಂತಿತು. ದೊಡ್ಡಮ್ಮ ಎತ್ತಿಕೊಂಡರು. ಬಿಸಿಲಿಗೆ ಹಿಡಿದರು. ಒಳಗೆ ಕಿರುಬೆರಳು ಹಾಕಿ ನೋಡಿದರು.

“ಖಾಲಿ,” ಎಂದರು.

“ನಾನೇನು ಹೇಳ್ದೆ?” ಎಂದು ದೊಡ್ಡಪ್ಪ ಮೀಸೆ ತಿರುವಿದರು. ಅವತ್ತೇ ಹಾಸಿಗೆ ಕೋಣೆಗೆ ಮರಳಿತು.

ನನಗೆ ಸಮಾಧಾನವಾಗಲಿಲ್ಲ. ಇಷ್ಟು ಕಾಲ ಕಚ್ಚಿಕೊಂಡಿದ್ದದ್ದು ಒಂದೇ ಎಳೆತಕ್ಕೆ ಹೇಗೆ ಬಂತು? ಅಥವಾ ಅದೂ ನನ್ನ ನೆನಪಿನ ಕಾರುಬಾರೋ? ಆಮೇಲೊಂದು ದಿನ ರಾಜಾಜಿನಗರಕ್ಕೇ ಹೋಗಿ ರಿಪೇರಿಯವರನ್ನು ಕೇಳಿದೆ. ಅವರು ನಕ್ಕರು.

“ಅದನ್ನ ಮೊದಲ್ನೇ ದಿನಾನೇ ಮುಂದಿನಿಂದ ಸಲಾಕೆ ಹಾಕಿ ತೆಗೆದಿದ್ದೆ ಸಾರ್. ಖಾಲಿ ಅಂತ ತೋರಿಸಿದ್ರೆ ನಿಮ್ಮ ದೊಡ್ಡಪ್ಪ ಅಲ್ಲೇ ಕೂತ್ಬಿಟ್ರು. ನೀರು ಕುಡಿಸ್ದೆ. ಉಗುರು ಹಾಕಿದ್ಮೇಲೆ ಆ ತೋಟೆ ವಾಪಸ್ ಒಳಗಿಡಿ ಅಂದ್ರು. ಯಾಕ್ ಸಾರ್ ಅಂದೆ. ‘ನನಗೇ ಗ್ಯಾರಂಟಿ ಇರ್ಲಿಲ್ಲ ಕಣಪ್ಪಾ,’ ಅಂದ್ರು. ‘ಈಗ ಆಯ್ತಲ್ಲ, ಇನ್ನು ಅವಳಿಗೆ ತೋರಿಸ್ಬಹುದು.’”