ಮಗ್ಗದ ಮುಂದೆ ಆಡಿದ ಕೇಡಿನ ಮಾತು

ಈ ಸಂಗತಿ ನಡೆದದ್ದು ಹೀಗೆಯೇ ಎಂದು ನಾನು ಆಣೆ ಮಾಡಿ ಹೇಳಲಾರೆ. ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವನ ಪಾಡೇ ಇದು. ದೇವರನ್ನು ಸಂಶಯಿಸಲು ಕಲಿತವನು ಕ್ರಮೇಣ ಬೆಳಗಿನ ಚಹಾ ಕುಡಿದೆನೋ ಇಲ್ಲವೋ ಎಂದೂ ಸಂಶಯಿಸತೊಡಗುತ್ತಾನೆ. ಚಹಾದ ವಿಷಯದಲ್ಲಿ ಆ ಸಂಶಯದಿಂದ ಲಾಭವೂ ಉಂಟು.

ಸಾವಿರದ ಒಂಬೈನೂರ ಅರವತ್ತರ ಆಸುಪಾಸು. ಗಡಿಯಾಚೆಯ ಇಚಲಕರಂಜಿಯಲ್ಲಿ ಮಾಸ್ತರನಾಗಿದ್ದೆ. ಪಕ್ಕದ ಮನೆಯ ಬಸವಣ್ಣಿ ಅಥಣಿ ಕಡೆಯವನು, ಪವರ್‌ಲೂಮ್ ಶೆಡ್ಡಿನಲ್ಲಿ ನೇಯುತ್ತಿದ್ದ. ತೂಕಡಿಸಿ ಆಗಲೇ ಎರಡು ಸಲ ಲಾಳಿ ಹೊಡೆಯುವ ಕೋಲು ಮುರಿದಿದ್ದ. ಇನ್ನೊಮ್ಮೆ ಮುರಿದರೆ ಮಗ್ಗ ಬೇರೆಯವನ ಪಾಲು ಎಂದು ಮಾಲಕ ಹೇಳಿಬಿಟ್ಟಿದ್ದ. ಒಂದು ಮಧ್ಯಾಹ್ನ ಅವನ ಹೆಂಡತಿ ಕಲ್ಲವ್ವ, "ಮಾಸ್ತರ್ರ, ಆ ಕಡೆ ಹೊಂಟೀರಿ, ಇಂವಗ ಈ ಬುತ್ತಿ ಕೊಡ್ರಿ" ಎಂದಳು.

ಶೆಡ್ಡಿನಲ್ಲಿ ಕಿವಿ ಒಡೆಯುವ ಸದ್ದು. ಬಸವಣ್ಣಿಯ ಮಗ್ಗ ಮಾತ್ರ ನಿಂತಿತ್ತು. ನಿಂತಿತ್ತು ಎಂದೇ ನನ್ನ ನೆನಪು. ಅದೇ ಹೊತ್ತಿಗೆ ಮಾಲಕನೂ ಒಳಗೆ ಬಂದ. ನಾನು ಗಂಟಲು ಹರಿಯುವಂತೆ, "ಏನು ಬಸವಣ್ಣಿ, ಮಗ್ಗ ಕೆಟ್ಟಿತೇ?" ಎಂದು ಕೂಗಿದೆ.

ಒಂದರ ಹಿಂದೊಂದು ಮಗ್ಗಗಳು ನಿಂತವು. ಒಂದು ಕ್ಲಾಸನ್ನೂ ಸುಮ್ಮನಿರಿಸಲಾಗದ ನನ್ನ ದನಿಗೆ ಇಡೀ ಶೆಡ್ಡು ಮೌನವಾಯಿತು.

"ಬಿಡ್ತು ಅನ್ರಿ!" ಎಂದ ಒಬ್ಬ ಮುದುಕ. "ಕಲಿತವರಾಗಿ ಇಂಥಾ ಕೇಡಿನ ಮಾತು ಆಡತಾರೇನ್ರಿ? ಮಗ್ಗ ಮಲಗೇತಿ ಅನಬೇಕು."

ಮಗ್ಗದೆದುರು 'ಕೆಟ್ಟಿತು' ಎನ್ನಬಾರದಂತೆ. ಅಂದುಬಿಟ್ಟರೆ ಇಡೀ ಶೆಡ್ಡಿಗೇ ಕೇಡು. ಅಷ್ಟರವರೆಗೆ ಮುರಿದ ಕೋಲು ಹಿಡಿದು ಬಿಳಿಚಿಕೊಂಡಿದ್ದ ಬಸವಣ್ಣಿಗೆ ಒಮ್ಮೆಲೇ ಜೀವ ಬಂತು.

"ನೋಡ್ರಿ ಮಾಲಕ್ರ, ಚಂದಾಗಿ ನಡದಿತ್ತ್ರಿ! ಇವರದು ಕರಿ ನಾಲಗಿ. ಅನ್ನೂದಕ ಕೋಲು ಟಕ್ ಅಂತ್ರಿ!"

"ಮೊದಲೇ ಮುರಿದಿತ್ತಲ್ಲಯ್ಯ..." ಎಂದೆನೋ, ಎನ್ನಬೇಕೆಂದುಕೊಂಡೆನೋ. ಮಾಲಕ ಬಸವಣ್ಣಿಯ ಕಡೆ ನೋಡಲೇ ಇಲ್ಲ. ನನಗೆ ಕೈ ಮುಗಿದು, "ಗುರುಜೀ, ಅಸಂ ಬೋಲೂ ನಕಾ" ಎಂದು, ಹಾಗೆ ಅನ್ನಬೇಡಿರೆಂದು ಮರಾಠಿಯಲ್ಲಿ ಬೇಡಿಕೊಂಡ. ತೆಂಗಿನಕಾಯಿ ತರಿಸಿ ನನ್ನಿಂದಲೇ ಒಡೆಸಿ, ಮಗ್ಗಕ್ಕೆ ಕೇಳುವಂತೆ 'ಮಲಗೇತಿ' ಎಂದು ಹೇಳಿಸಿದ. ಹೊಸ ಕೋಲು ಹಾಕಿದರು. ಮಗ್ಗ ಗುಡುಗಿತು. ದೇವರಿಗೂ ಬಗ್ಗದವನು ಆ ಗಳಿಗೆ ನನ್ನ ನಾಲಗೆಗೇ ಬೆದರಿ ಬಾಯಿ ಬಿಗಿಹಿಡಿದು ನಿಂತಿದ್ದೆ.

ಬಸವಣ್ಣಿಯ ಮಗ್ಗ ಅವನಿಗೇ ಉಳಿಯಿತು. ಬುತ್ತಿ ಬಿಚ್ಚುತ್ತ ನನ್ನ ಕೈಗೊಂದು ಕೊಬ್ಬರಿ ಚೂರಿಟ್ಟು ಮೆಲ್ಲಗೆ, "ಭಾಳ ಉಪಕಾರಾತ್ರಿ, ಮಾಸ್ತರ್ರ" ಎಂದ.

ಉಳಿದದ್ದೆಲ್ಲ ಸಂಶಯವೇ. ಆಮೇಲೆ ಕೊಲ್ಲಾಪುರಕ್ಕೆ ಹೋದಾಗ ಗ್ರಂಥಾಲಯದಲ್ಲಿ ದೊಡ್ಡ ಕನ್ನಡ ನಿಘಂಟು ತೆಗೆಸಿ ಒಂದನ್ನು ಮಾತ್ರ ಖಚಿತಪಡಿಸಿಕೊಂಡೆ: ಕೇಡು ಹುಟ್ಟಿದ್ದು 'ಕೆಡು' ಎಂಬುದರಿಂದಲೇ. ಹಾಲು ಕೆಡುವಂತೆ ಅದು ತಾನಾಗಿ ಆಗುವ ಕೆಲಸ. ಮಾಡಲು ಒಬ್ಬ ಮಾಸ್ತರ ಬೇಕಾಗಿಲ್ಲ.