ಬೇರಿಂಗ್ ಬದಲಾಯಿಸಿದ ಭಾನುವಾರ

ಕಾರು ರಿಪೇರಿಗೆ ಬೇಕಾದದ್ದು ಧೈರ್ಯವೇ ಹೊರತು ವಿದ್ಯೆಯಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಧೈರ್ಯ ನನ್ನ ಹತ್ತಿರ ಬೇಕಾದಷ್ಟಿತ್ತು.

ವಿದ್ಯಾರಣ್ಯಪುರದಲ್ಲಿ ನನ್ನದೊಂದು ಸಣ್ಣ ಸ್ಟೇಷನರಿ ಅಂಗಡಿ. ಪೆನ್ನು, ಪುಸ್ತಕ ಮಾರಿ ಉಳಿಸಿದ್ದರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದೆ. ಒಂದು ಸಂಜೆ ಹೆಂಡತಿ ಭಾಗ್ಯಳನ್ನು ಕೂರಿಸಿಕೊಂಡು ಜಕ್ಕೂರಿನ ಕಡೆಯಿಂದ ಬರುತ್ತಿದ್ದಾಗ 'ಗೂಂ...' ಎಂದು ಸದ್ದು ಶುರುವಾಯಿತು. ಅಲ್ಲಿ ಪುಟ್ಟ ವಿಮಾನಗಳು ಹಾರಾಡುವುದು ಮಾಮೂಲು. ನಾನು ಕಿಟಕಿಯಿಂದ ತಲೆ ಹೊರಹಾಕಿ, "ಎಷ್ಟು ಕೆಳಗೆ ಓಡಿಸ್ತಾರೆ ನೋಡು! ಸ್ವಲ್ಪಾನೂ ಭಯ ಇಲ್ಲ!" ಎಂದು ಪೈಲಟ್‌ನನ್ನು ಬೈದೆ.

ಸಿಗ್ನಲ್‌ನಲ್ಲಿ ಕಾರು ನಿಂತಿತು. ಸದ್ದೂ ನಿಂತಿತು.

"ರೀ, ನಾವು ನಿಂತ್ರೆ ವಿಮಾನಾನೂ ನಿಲ್ಲುತ್ತಾ?" ಎಂದಳು ಭಾಗ್ಯ.

ಮರುದಿನ ಯಲಹಂಕದ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಒಂದು ಸುತ್ತು ಓಡಿಸಿ ಬಂದು, "ಮುಂದಿನ ಎಡಗಡೆ ವೀಲ್ ಬೇರಿಂಗ್ ಹೋಗಿದೆ ಸಾರ್. ಪಾರ್ಟು, ಲೇಬರ್ರು ಎಲ್ಲಾ ಸೇರಿ ಮೂರೂವರೆ ಸಾವಿರ ಆಗುತ್ತೆ" ಎಂದ.

ಮೂರೂವರೆ ಸಾವಿರ! ಚಕ್ರದೊಳಗಿನ ಒಂದು ಕಬ್ಬಿಣದ ಬಳೆಗೆ! ವಿಚಾರಿಸಿದರೆ ಅಂಗಡಿಯಲ್ಲಿ ಅದೇ ಬಳೆ ಸಾವಿರದ ಇನ್ನೂರಕ್ಕೆ ಸಿಕ್ಕಿತು. ಉಳಿದದ್ದೆಲ್ಲ ಬರೀ ಬಿಚ್ಚಿ ಹಾಕುವ ಕೂಲಿ. ಬಿಚ್ಚಿ ಹಾಕಲು ದೇವರು ನನಗೂ ಎರಡು ಕೈ ಕೊಟ್ಟಿದ್ದಾನಲ್ಲ! ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಯಾರೋ ವಿದೇಶಿಯೊಬ್ಬ ನಗುನಗುತ್ತಾ, ಕಾಫಿ ಕುಡಿಯುತ್ತಾ ಬೇರಿಂಗ್ ಬದಲಾಯಿಸಿ ಮುಗಿಸಿದ. ನಾನು ಕಾಫಿಯನ್ನೂ ಬಿಡಬಲ್ಲೆ.

ಭಾನುವಾರ ಬೆಳಗ್ಗೆ ಕಾರ್ಯಾರಂಭ. ಅದೇ ದಿನ ಹನ್ನೊಂದೂವರೆಗೆ ರಾಜಾನುಕುಂಟೆಯಲ್ಲಿ ಭಾಗ್ಯಳ ಅಕ್ಕನ ಮಗಳ ನಿಶ್ಚಿತಾರ್ಥ. ಹುಡುಗ ಹುಡುಗಿಯ ಹಾರ ತರುವ ಜವಾಬ್ದಾರಿ ನಮ್ಮದು.

"ಇವತ್ತೇ ಬಿಚ್ಚಬೇಕಾ? ನಾಳೆ ಮಾಡಿದ್ರಾಗಲ್ವಾ?" ಎಂದಳು ಭಾಗ್ಯ.

"ಅರ್ಧ ಗಂಟೆ ಕೆಲಸ ಕಣೇ! ಸದ್ದೇ ಇಲ್ದೆ ರಾಣಿ ಥರ ಕರ್ಕೊಂಡ್ ಹೋಗ್ತೀನಿ!"

ಮೊದಲ ಅರ್ಧ ಗಂಟೆಯಲ್ಲಿ ಚಕ್ರದ ಒಂದು ನಟ್ಟು ಬಿಚ್ಚಿದೆ. ಸ್ಪ್ಯಾನರ್ ಮೇಲೆ ಹತ್ತಿ ನಿಂತು ಕುಣಿದಾಗ ಮಿಕ್ಕವೂ ಮಣಿದವು. ಬೀದಿಯ ಜನ ಒಬ್ಬೊಬ್ಬರಾಗಿ ಸೇರತೊಡಗಿದರು. ಎದುರುಮನೆಯ ನಾರಾಯಣಪ್ಪನವರೂ ಬಂದರು. ಹಿಂದೆ ಇದೇ ಸುತ್ತಿನ ಹೊಲದಲ್ಲಿ ರಾಗಿ ಬೆಳೆಯುತ್ತಿದ್ದವರು, ಈಗ ಮೂರಂತಸ್ತಿನ ಮನೆ ಕಟ್ಟಿ ಬಾಡಿಗೆಗೆ ಬಿಟ್ಟಿದ್ದಾರೆ.

"ಯಾಕಪ್ಪಾ ಮಂಜು, ಇಂಗೆ ರಸ್ತೇಲಿ ಮಲಗಿದ್ದೀಯ?"

"ಬೇರಿಂಗ್ ಬದಲಾಯಿಸ್ತಿದೀನಿ ನಾರಾಯಣಪ್ಪೋರೆ!"

"ಅಂಗಾದ್ರೆ ಜೋರಾಗಿ ಒಡಿ! ಮೆತ್ತಗೆ ಒಡುದ್ರೆ ಕಬ್ಬಿಣ ಮಾತು ಕೇಳಲ್ಲ!" ಎಂದು ಮನೆಯಿಂದ ದೊಡ್ಡ ಸುತ್ತಿಗೆಯನ್ನೇ ತಂದುಕೊಟ್ಟರು.

ಹೊಡೆದೆ! ಬೀದಿಯ ನಾಯಿಗಳೆಲ್ಲ ಓಡಿಹೋದವು. ಹೊಡೆದೂ ಹೊಡೆದೂ ಕೊನೆಗೆ ಬೇರಿಂಗ್ ಈಚೆ ಬಂತು. ಅರ್ಧ ಮಾತ್ರ. ಉಳಿದರ್ಧ ಒಳಗೇ ಕಚ್ಚಿಕೊಂಡು ಕೂತಿತು. ಅದನ್ನು ಎಬ್ಬಿಸಲು ಮತ್ತೆ ಹೊಡೆದೆ. ಈ ಸಲ ಅದೇನೋ ಈಚೆ ಬಂತು, ಆದರೆ ಅದು ಕೂತಿದ್ದ ಹಬ್ ಎಂಬ ಭಾಗವೇ ಸೊಟ್ಟಗಾಯಿತು! ಹೊಸ ಬೇರಿಂಗ್ ತುರುಕಿ ನೋಡಿದೆ. ಓರೆಯಾಗಿ ಸಿಕ್ಕಿಕೊಂಡಿತು. ನೆಟ್ಟಗೆ ಮಾಡೋಣವೆಂದು ಇನ್ನೊಂದೇ ಒಂದು ಪೆಟ್ಟು ಕೊಟ್ಟೆ. ಟಪ್! ಸಾವಿರದ ಇನ್ನೂರು ರೂಪಾಯಿ ಎರಡು ಹೋಳಾಯಿತು.

ಅಷ್ಟರಲ್ಲಿ ಭಾಗ್ಯ ರೇಷ್ಮೆ ಸೀರೆಯುಟ್ಟು, ಹಾರದ ಬುಟ್ಟಿ ಹಿಡಿದು ಹೊರಗೆ ಬಂದಳು. ಕಾರನ್ನು ನೋಡಿದಳು. ನನ್ನನ್ನು ನೋಡಿದಳು.

"ಹಾಳಾಗಿದ್ದು ಯಾವ ಕಡೆ ಅಂದಿದ್ರು?"

"ಎಡಗಡೆ."

"ಸ್ಟೀರಿಂಗ್ ಇರೋದು ಬಲಗಡೆ ಅಲ್ವೇನ್ರೀ?"

"ಹೌದು, ಅದಕ್ಕೇನೀಗ?"

"ನೀವು ಬಿಚ್ಚಿರೋದೂ ಸ್ಟೀರಿಂಗ್ ಕಡೇನೇ!"

ನಾನು ಕಾರಿನ ಎದುರು ನಿಂತು ನನ್ನ ಎಡಗಡೆಯ ಚಕ್ರ ಬಿಚ್ಚಿದ್ದೆ. ಅದು ಕಾರಿಗೆ ಬಲಗಡೆ! ಯಾವ ರೋಗವೂ ಇಲ್ಲದೆ ಸುಖವಾಗಿದ್ದ ಬೇರಿಂಗನ್ನು ಹಾಡಹಗಲೇ, ಜನರ ಸಮಕ್ಷಮದಲ್ಲಿ, ನಾನು ಚಚ್ಚಿ ಕೊಂದಿದ್ದೆ!

"ರೋಗ ಇದ್ದಿದ್ದು ಆ ಕಾಲಲ್ಲಿ, ಆಪರೇಶನ್ ಮಾಡಿದ್ದು ಈ ಕಾಲಿಗೆ!" ಎಂದು ನಾರಾಯಣಪ್ಪ ನಕ್ಕ ನಗು ಬಸ್ ಸ್ಟಾಪಿನವರೆಗೂ ಕೇಳಿಸಿರಬೇಕು.

ಗಂಟೆ ಹನ್ನೊಂದು! ಒಂದು ಆಟೋವೂ ಸಿಗಲಿಲ್ಲ. ಅಕ್ಕನ ಫೋನು ಬಿಡದೆ ಹೊಡೆದುಕೊಳ್ಳುತ್ತಿತ್ತು: "ಹುಡುಗನ ಕಡೆಯೋರು ಬಂದಾಯ್ತು. ಹಾರ ಎಲ್ಲೇ?" ಭಾಗ್ಯಳ ಕಣ್ಣಲ್ಲಿ ನೀರು ಬಂತು. ಅವಳ ಕೈಹಿಡಿದ ಮೇಲೆ ತವರಿನವರ ಮುಂದೆ ಒಂದು ದಿನವೂ ಅವಳ ತಲೆ ತಗ್ಗಿಸಿದವನಲ್ಲ ನಾನು.

"ಅಳಬ್ಯಾಡ ಕಣವ್ವಾ, ನಮ್ ಟೆಂಪೋ ಐತಲ್ಲ, ಹತ್ತು!" ಎಂದರು ನಾರಾಯಣಪ್ಪ.

ಅದು ಅವರು ಸಿಮೆಂಟು ಸಾಗಿಸುವ ಟೆಂಪೋ. ಭಾಗ್ಯ ಮುಂದೆ ಕೂತಳು. ನಾನು ಅಂಗಿ ಬದಲಾಯಿಸಿ, ಹಿಂದೆ ಖಾಲಿ ಚೀಲಗಳ ನಡುವೆ ಹಾರದ ಬುಟ್ಟಿಯನ್ನು ಮಗುವಿನಂತೆ ತಬ್ಬಿ ಕೂತೆ. ನಾರಾಯಣಪ್ಪ ಟೆಂಪೋ ಬಿಟ್ಟ ರಭಸಕ್ಕೆ ಹಂಪು ಬಂದಾಗಲೆಲ್ಲ ನಾನು, ಬುಟ್ಟಿ, ಚೀಲ ಮೂವರೂ ಗಾಳಿಯಲ್ಲಿ ತೇಲಿ ಇಳಿಯುತ್ತಿದ್ದೆವು. ರಾಜಾನುಕುಂಟೆ ಮುಟ್ಟುವಷ್ಟರಲ್ಲಿ ನನ್ನ ತಲೆ ಸಿಮೆಂಟಿನಿಂದ ನೆರೆತು, ವಯಸ್ಸು ಎಪ್ಪತ್ತು ದಾಟಿತ್ತು.

ಆದರೆ ಹಾರ ಸಮಯಕ್ಕೆ ಮುಟ್ಟಿತು! ಆ ಸಂಭ್ರಮದಲ್ಲಿ ನಾನು ಟೆಂಪೋದಿಂದ ಧುಮುಕಿದೆ. ಬಾಗಿಲಲ್ಲಿ ಬಿಳಿ ಪಂಚೆ, ಬಿಳಿ ಶರ್ಟಿನಲ್ಲಿ ಹುಡುಗನ ತಂದೆ. "ಬನ್ನಿ ಬನ್ನಿ, ನಿಮಗೇ ಕಾಯ್ತಿದ್ವಿ" ಎಂದರು. ಆ ದೊಡ್ಡ ಮನುಷ್ಯನ ಪ್ರೀತಿಗೆ ಮನಸ್ಸು ತುಂಬಿ ಬಂದು ನಾನು ಅವರನ್ನು ಅಪ್ಪಿ, ಬೆನ್ನು ತಟ್ಟಿಬಿಟ್ಟೆ.

ಅಂಗಿ ಬದಲಾಯಿಸಿದ್ದೆ, ನಿಜ. ಕೈ ತೊಳೆದಿರಲಿಲ್ಲ.

ಅವರ ಬೆನ್ನ ಮೇಲೆ ಗ್ರೀಸಿನ ಕಪ್ಪು ಹಸ್ತ ಮೂಡಿತು. ಐದೂ ಬೆರಳು ಸ್ಪಷ್ಟ! ಪುಣ್ಯಾತ್ಮರು ಕೋಪಿಸಿಕೊಳ್ಳಲಿಲ್ಲ, ಸಂಬಂಧವೂ ಮುರಿಯಲಿಲ್ಲ. ಆದರೆ ಅವತ್ತು ಎಲ್ಲೂ ಬೆನ್ನು ತೋರಿಸುವಂತಿರಲಿಲ್ಲವಾದ್ದರಿಂದ ಊಟದ ಹೊತ್ತಿಗೂ ಅವರು ಗೋಡೆಗೆ ಒರಗಿಯೇ ನಡೆಯುತ್ತಿದ್ದರು.

ಸೋಮವಾರ ಮೂರು ಕಾಲಿನ ಕಾರನ್ನು ಟೋಯಿಂಗ್ ಗಾಡಿ ಎತ್ತಿಕೊಂಡು ಹೋಯಿತು. ಮೆಕ್ಯಾನಿಕ್ ಕಾರಿನ ಸುತ್ತ ಎರಡು ಸಲ ಬಂದು, "ಸಾರ್, ಆಕ್ಸಿಡೆಂಟ್ ಎಲ್ಲಾಯ್ತು?" ಎಂದು ಮೆಲ್ಲಗೆ ಕೇಳಿದ. "ಮನೆ ಮುಂದೆ" ಎಂದೆ. ಬಲಗಡೆಗೆ ಹಬ್ಬು, ಬೇರಿಂಗು. ಎಡಗಡೆಗೆ ಮೊದಲೇ ಬೇಕಿದ್ದ ಬೇರಿಂಗು. ಎಳೆದು ತಂದ ಬಾಡಿಗೆ. ಒಟ್ಟು ಹನ್ನೊಂದು ಸಾವಿರ ದಾಟಿತು. ಚೌಕಾಶಿ ಮಾಡುವ ಧೈರ್ಯ ಮಾತ್ರ ನನಗೆ ಬರಲಿಲ್ಲ.

ಭಾಗ್ಯ ಈ ವಿಷಯದಲ್ಲಿ ನನಗೆ ಇವತ್ತಿಗೂ ಒಂದು ಮಾತೂ ಅಂದಿಲ್ಲ. ಆದರೆ ಮೊನ್ನೆ ಅಡುಗೆಮನೆಯ ನಲ್ಲಿ ತೊಟ್ಟಿಕ್ಕತೊಡಗಿತು. ನಾನು ಪೇಪರ್ ಮಡಚಿಟ್ಟು ಸುಮ್ಮನೆ ಎದ್ದೆ, ಅಷ್ಟೇ. ಒಳಗಿನಿಂದ ಅವಳು ಗಾಬರಿಯಲ್ಲಿ ಪ್ಲಂಬರ್‌ಗೆ ಫೋನ್ ಮಾಡುವುದು ಕೇಳಿಸಿತು:

"ಬೇಗ ಬನ್ನಿ ಅಣ್ಣಾ! ಇವರು ಎದ್ದು ನಿಂತ್ಬಿಟ್ಟಿದ್ದಾರೆ!"