ಮಾವನ ಇಂಜಿನ್ನಿಗೆ ನಾನು ಎಳೆದ ವೈರು

ಫಳ್ನೀರಿನಲ್ಲಿ ನನ್ನದೊಂದು ಮೊಬೈಲ್ ಅಂಗಡಿಯಿದೆ. ಪರದೆಗೆ ಗಾಜು ಅಂಟಿಸುತ್ತೇನೆ, ಕವರು ಮಾರುತ್ತೇನೆ, ಚಾರ್ಜರ್ ಕೆಟ್ಟಿದೆ ಎಂದವರಿಗೆ ಹೊಸತು ಕೊಡುತ್ತೇನೆ. ಇಷ್ಟು ಅನುಭವವಿರುವ ಮನುಷ್ಯನಿಗೆ ದೋಣಿಯ ಇಂಜಿನ್ ಯಾವ ಲೆಕ್ಕ? ವಿದ್ಯುತ್ತು ಎಲ್ಲಿದ್ದರೂ ವಿದ್ಯುತ್ತೇ ತಾನೆ!

ದೋಣಿ ನನ್ನ ಮಾವನದು. ಅವರು ತೀರಿಕೊಂಡಂದಿನಿಂದ ಬೆಂಗ್ರೆಯ ಮನೆಯಂಗಳದಲ್ಲಿ ಟಾರ್ಪಾಲು ಹೊದ್ದು ಮಲಗಿತ್ತು. ಹಿಂಬದಿಗೆ ಹಳೆಯ ಪೆಟ್ರೋಲ್ ಇಂಜಿನ್. ಮನಸ್ಸು ಬಂದಾಗ ಹೊರಡುತ್ತಿತ್ತು, ಮನಸ್ಸು ಕೆಟ್ಟಲ್ಲಿ ನಿಲ್ಲುತ್ತಿತ್ತು. ಮಾವ ತೀರಿಕೊಂಡು ವರ್ಷ ತುಂಬುವ ದಿನ, ಅವರು ಬಲೆ ಬೀಸುತ್ತಿದ್ದ ಜಾಗಕ್ಕೇ ಹೋಗಿ ಅವರಿಗೆ ಎಡೆ ಬಡಿಸಬೇಕೆಂದು ಅತ್ತೆ ಹಟ ಹಿಡಿದರು. ಅದೂ ಅವರದೇ ದೋಣಿಯಲ್ಲಿ.

“ಬೇರೆ ಯಾರದ್ದಾದರೂ ದೋಣಿ ಕೇಳುವ. ಆ ಇಂಜಿನ್ ಸರಿ ಇಲ್ಲ,” ಎಂದಳು ನನ್ನ ಹೆಂಡತಿ ಶಶಿ.

“ನಾನಿಲ್ವಾ? ಸ್ಪಾರ್ಕಿನದ್ದು ಪ್ರಾಬ್ಲಮ್ ಅಷ್ಟೆ. ನಾನು ಮಾಡ್ತೇನೆ.”

“ನೀವಾ?”

ಎರಡಕ್ಷರದಲ್ಲಿ ಎಷ್ಟು ಅವಿಶ್ವಾಸ ಹಿಡಿಸುತ್ತದೆಂದು ಮದುವೆಯಾದವರಿಗೆ ಗೊತ್ತು.

ಪರೀಕ್ಷೆ ಆರಂಭವಾಯಿತು. ಪ್ಲಗ್ ಬಿಚ್ಚಿ ಇಂಜಿನ್ನಿನ ಮೈಗೆ ತಾಗಿಸಿ ಹಿಡಿದೆ. ಶಶಿ ಸ್ಟಾರ್ಟ್ ಮಾಡುವ ಹಗ್ಗ ಎಳೆದಳು. ಕಿಡಿ ಹಾರಬೇಕಿತ್ತು. ಹಾರಿತು. ಪ್ಲಗ್ಗಿನಲ್ಲಲ್ಲ, ನನ್ನಲ್ಲಿ! ಮೊಣಕೈವರೆಗೆ ಜೋಮು ಹಿಡಿದು ತೆಂಗಿನ ಬುಡದಲ್ಲಿ ಕುಸಿದೆ.

“ಕರೆಂಟ್ ಉಂಟು,” ಎಂದು ಅಲ್ಲಿಂದಲೇ ವರದಿ ಒಪ್ಪಿಸಿದೆ.

ಹಾಗಾದರೆ ದೋಷ ವೈರುಗಳದ್ದು. ಉಪ್ಪುಗಾಳಿಗೆ ಎಲ್ಲವೂ ಹಸಿರುಗಟ್ಟಿ ಪುಡಿಯಾಗುತ್ತಿದ್ದವು. ಕಿತ್ತೆಸೆದೆ. ಶಕ್ತಿನಗರದ ನಮ್ಮ ಮನೆಯಲ್ಲಿ ಹಬ್ಬದ ಗೂಡುದೀಪಕ್ಕೆಂದು ತಂದಿದ್ದ ಕೆಂಪು ವೈರಿನ ಸುರುಳಿ ಇತ್ತು. ಕೀಗೆ ಕೆಂಪು, ಸ್ಟಾರ್ಟರಿಗೆ ಕೆಂಪು, ಬ್ಯಾಟರಿಗೆ ಕೆಂಪು, ದೋಣಿಗೆ ನುಗ್ಗಿದ ನೀರನ್ನು ತಾನಾಗಿ ಹೊರಹಾಕುವ ಪಂಪಿಗೂ ಕೆಂಪು. ನೋಡಲು ಬಹಳ ಲಕ್ಷಣವಾಗಿತ್ತು! ಕೀ ತಿರುಗಿಸಿದರೆ ಅಡಿಯಲ್ಲೆಲ್ಲೋ ‘ಗುಂಯ್’ ಎಂದಿತು, ಇಂಜಿನ್ ಏಳಲಿಲ್ಲ. ಹಗ್ಗ ಎಳೆದರೆ ಎದ್ದಿತು. ಅಷ್ಟು ಸಾಕೆಂದು ಮುಚ್ಚಳ ಹಾಕಿದೆ.

ಆ ಬೆಳಿಗ್ಗೆ ಹೊಳೆಯನ್ನೇ ನುಂಗುವಂತೆ ಮಂಜು ಕವಿದಿತ್ತು. ಅತ್ತೆ ಬಾಳೆಲೆಯಲ್ಲಿ ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಪುಳಿಮುಂಚಿ ಬಡಿಸಿ, ಇಂಜಿನ್ನಿನ ಪಕ್ಕದ ಹಲಗೆಯ ಮೇಲಿಟ್ಟರು. ಮಾವ ಕೂರುತ್ತಿದ್ದ ಜಾಗ ಅದು.

“ಅಲ್ಲಿ ಯಾರೂ ಕೂರಬಾರದು.”

“ಇಂಜಿನ್ ಬಿಡುವವ ಎಲ್ಲಿ ಕೂರುವುದು ಮಾಮಿ?”

“ನಿಂತುಕೊಳ್ಳಿ.”

ನಿಂತೇ ಹೊರಟೆ. ನಡುಹೊಳೆಯಲ್ಲಿ ಇಂಜಿನ್ ಥಟ್ಟನೆ ನಿಂತಿತು. ಅತ್ತೆ ಸುತ್ತ ನೋಡಿ, “ಅವರು ಬಲೆ ಬೀಸುತ್ತಿದ್ದದ್ದು ಇಲ್ಲೇ,” ಎಂದರು. ಸುತ್ತ ಮಂಜಲ್ಲದೆ ಏನೂ ಇರಲಿಲ್ಲ. ಅವರಿಗೆ ಹೇಗೆ ತಿಳಿಯಿತೋ!

ಕೀ ತಿರುಗಿಸಿದೆ. ಗುಂಯ್. ಹಗ್ಗ ಎಳೆದೆ. ಹಗ್ಗ ಪೂರ್ತಿ ನನ್ನ ಕೈಗೇ ಬಂತು!

ಅದು ಕಡಲಿನ ಇಳಿತದ ಹೊತ್ತು. ನೀರು ನಮ್ಮನ್ನು ಸದ್ದಿಲ್ಲದೆ, ಹೊಳೆ ಕಡಲು ಸೇರುವ ಅಳಿವೆಬಾಗಿಲಿನತ್ತ ಒಯ್ಯುತ್ತಿತ್ತು. ಒಂದು ಕಾಗೆಯ ಕೂಗೂ ಇಲ್ಲ. ಮಂಜಿನಾಚೆ ಕಡಲು ದೊಡ್ಡದೊಂದು ಪ್ರಾಣಿಯಂತೆ ಉಸಿರಾಡುವುದು ಮಾತ್ರ ಕೇಳಿಸುತ್ತಿತ್ತು. ಅಲ್ಲಿನ ತೆರೆಗೆ ಸಿಕ್ಕಿದರೆ ನಮ್ಮ ದೋಣಿ ತೆಂಗಿನ ಚಿಪ್ಪು.

“ಎಂತ ಆಯ್ತು ಮಾರಾಯ್ರೆ?” ಎಂದಳು ಶಶಿ.

“ಏನಿಲ್ಲ. ಸಣ್ಣ ತಾಂತ್ರಿಕ ಅಡಚಣೆ.”

ಲಂಗರು ಹಾಕೋಣವೆಂದು ದೋಣಿಯ ಮುಂತುದಿಗೆ ತೆವಳಿದೆ. ಆಗ ಪಾದ ತಣ್ಣಗಾಯಿತು. ಒಂದು ವರ್ಷ ಒಣಗಿದ ಹಲಗೆಗಳ ಸಂದಿಯಿಂದ ನೀರು ಜಿನುಗಿ ಕಾಲಿನ ಹರಡಿನವರೆಗೆ ಬಂದಿತ್ತು. ತಾನಾಗಿ ಓಡಬೇಕಿದ್ದ ಪಂಪು ಮೌನವಾಗಿತ್ತು.

ಬೆನ್ನ ಹಿಂದೆ ಯಾರೋ ಕೆಮ್ಮಿದರು.

“ಖೊಖ್.”

ಮೂವರೂ ತಿರುಗಿದೆವು. ಇಂಜಿನ್ನಿನ ಹತ್ತಿರ ಯಾರೂ ಇಲ್ಲ. ಬೆಳಗಾದರೆ ಜಗಲಿಯಲ್ಲಿ ಕೂತು ಮಾವ ಕೆಮ್ಮುತ್ತಿದ್ದುದು ಹೀಗೇ.

“ಖೊಖ್... ಖೊಖ್...” ಎಲೆಯ ಮೇಲಿನ ಬಂಗುಡೆ, ಯಾರೋ ಬೆರಳು ತಾಗಿಸಿದಂತೆ ಅಲುಗಿತು. ಮರುಕ್ಷಣ ಇಂಜಿನ್ ಗುಡುಗಿ ಎದ್ದಿತು!

ಶಶಿ ನನ್ನ ಅಂಗಿ ಹಿಡಿದು, “ಅಪ್ಪ...” ಎಂದು ಪಿಸುಗುಟ್ಟಿದಳು. ಅತ್ತೆ ಕೈಮುಗಿದರು.

“ಬಂದರು. ಹೋಗಿ ಗೇರ್ ಹಾಕಿ. ಅವರು ಕಾಯ್ತಾ ಇದ್ದಾರೆ.”

“ಅವರೇ ಹಾಕಲಿ ಮಾಮಿ!”

ಅಳಿಯನೊಬ್ಬ ಆಡಬಾರದ ಮಾತು. ಆದರೆ ಬಾಯಿಂದ ಬಿದ್ದುಹೋಯಿತು. ಅತ್ತೆ ನೋಡಿದ ನೋಟಕ್ಕೆ ಹೆದರಿ, ಬದುಕಿರುವವರಿಗೇ ಹೆಚ್ಚು ಹೆದರಬೇಕೆಂದು ತೀರ್ಮಾನಿಸಿ, ನಾಲ್ಕುಕಾಲಿನಲ್ಲಿ ಹಿಂದಕ್ಕೆ ಹೋದೆ. ಎಲೆಯನ್ನು ನೀರಿಗೆ ಬಿಟ್ಟೆ. ಅದು ಮಂಜಿನೊಳಗೆ ಮೆಲ್ಲನೆ ಮರೆಯಾಯಿತು. “ಕ್ಷಮಿಸಿ ಮಾವ,” ಎಂದು ಕಣ್ಣುಮುಚ್ಚಿ ಗೇರ್ ತಳ್ಳಿದೆ. ದಡ ಮುಟ್ಟುವವರೆಗೂ ಇಂಜಿನ್ ಒಮ್ಮೆಯೂ ತಡವರಿಸಲಿಲ್ಲ.

ದಡದಲ್ಲಿ ದೋಣಿಯ ನೀರು ಮೊಗೆಯುತ್ತಿದ್ದೆ. ತಳದಲ್ಲಿ ಪಂಪಿನ ಸ್ವಿಚ್ಚು ಸಿಕ್ಕಿತು. ನೀರು ಏರಿದರೆ ತೇಲಿ ಎದ್ದು ಪಂಪನ್ನು ಓಡಿಸಬೇಕಾದ ಸ್ವಿಚ್ಚು. ಅದರ ಕೆಂಪು ವೈರನ್ನು ಹಿಡಿದು ಹೋದರೆ ಅದು ಪಂಪಿಗೆ ಹೋಗಿರಲೇ ಇಲ್ಲ, ನೇರ ಸ್ಟಾರ್ಟರಿಗೆ ಹೋಗಿತ್ತು! ಪಂಪಿಗೆ ಹೋಗಿದ್ದದ್ದು ಕೀಯ ವೈರು. ಕೀ ತಿರುಗಿಸಿದರೆ ಪಂಪು, ದೋಣಿ ಮುಳುಗಿದರೆ ಇಂಜಿನ್! ಕೆಮ್ಮಿದ್ದೂ ಸ್ಟಾರ್ಟರೇ!

ಸ್ವಂತ ಮೂರ್ಖತನವನ್ನು ಕಂಡು ಅಷ್ಟು ಸಂತೋಷಪಟ್ಟವನು ಇನ್ನೊಬ್ಬನಿರಲಾರ. ದೆವ್ವವಲ್ಲ, ನಾನು! ಓಡಿಹೋಗಿ ಅಂಗಳದಲ್ಲಿ ಸೇರಿದ್ದ ನೆರೆಯವರೆದುರು ಎಲ್ಲವನ್ನೂ ವಿವರಿಸಿದೆ.

“ಸರಿ. ಹೋಗುವಾಗ ನಿಂತ ಇಂಜಿನ್ ಬರುವಾಗ ಯಾಕೆ ಒಮ್ಮೆಯೂ ನಿಲ್ಲಲಿಲ್ಲ?” ಎಂದಳು ಶಶಿ.

ನಾನು ಮತ್ತೆ ಮೊದಲಿನಿಂದ ವೈರಿನ ಕಥೆ ಶುರುಮಾಡಿದೆ.

ಅತ್ತೆ ನನ್ನನ್ನು ಕನಿಕರದಿಂದ ನೋಡಿದರು. “ಸತ್ತವರು ಬಂದು ಸ್ಟಾರ್ಟ್ ಮಾಡಿದ್ರು ಅಂದ್ರೆ ನಂಬಬಹುದು. ನೀವು ವೈರು ಎಳೆದು ಸ್ಟಾರ್ಟ್ ಆಯ್ತು ಅಂದ್ರೆ ಯಾರು ನಂಬ್ತಾರೆ ಮಾರಾಯ್ರೆ?”

ಸುತ್ತ ನಿಂತವರೆಲ್ಲ ಹೌದೆಂದು ತಲೆಯಾಡಿಸಿದರು. ಎಲ್ಲರಿಗಿಂತ ಮೊದಲು, ಶಶಿ!